ಮುಂಬೈಗೆ ಹೋಗಿ ಜಡ್ಜ್ ಆದ ಅಜ್ಜನನ್ನು ಹುಡುಕೋದು ಹೇಗೆ?

‘ನಮ್ಮಜ್ಜನ ಅಜ್ಜ ಮುಂಬೈಯಲ್ಲಿ ವಕೀಲರಾಗಿ, ಆಮೇಲೆ ಜಡ್ಜ್ ಆಗಿದ್ರಂತೆ’ ಅಂತ ನಿಮ್ಮ ಮನೆಯಲ್ಲೂ ಹೇಳ್ತಾರಾ? ಮೊದಲು ಅಟ್ಟದ ಟ್ರಂಕ್ ಇಳಿಸಿ. ಮೋಡಿ ಲಿಪಿಯ (ಹಿಂದೆ ಮರಾಠಿ ಬರೆಯೋಕೆ ಬಳಸ್ತಿದ್ದ ಕೂಡುಬರಹದ ಲಿಪಿ) ಕಾಗದ ಸಿಕ್ಕರೆ ರದ್ದಿಗೆ ಹಾಕಬೇಡಿ, ಓದಬಲ್ಲವರಿಗೆ ತೋರಿಸಿ.

1862 ಅನ್ನೋ ವರ್ಷ ನೆನಪಿರಲಿ. ಅಲ್ಲಿಯವರೆಗೆ ನಮ್ಮ ಕಾರವಾರ, ಶಿರಸಿ ಎಲ್ಲ ಮದ್ರಾಸ್ ಪ್ರಾಂತ್ಯದಲ್ಲಿದ್ದವು, ಆಮೇಲೆ ಮುಂಬೈಗೆ ಸೇರಿದವು, ಹಾಗಾಗಿ ಅದಕ್ಕಿಂತ ಹಳೇ ಸರ್ಕಾರಿ ದಾಖಲೆಗೆ ಚೆನ್ನೈ ಕಡೆ, ನಂತರದ್ದಕ್ಕೆ ಮುಂಬೈ ಕಡೆ ನೋಡಬೇಕು.

ನಾರಾಯಣ ಗಣೇಶ ಚಂದಾವರ್ಕರ್ ಅವರನ್ನೇ ತಗೊಳ್ಳಿ. ಹೊನ್ನಾವರದಲ್ಲಿ 1855ರಲ್ಲಿ ಹುಟ್ಟಿದವರು, ಮುಂಬೈಯಲ್ಲಿ ವಕೀಲಿ ಮಾಡಿ 1901ರಲ್ಲಿ ಹೈಕೋರ್ಟ್ ಜಡ್ಜ್ ಆದರು. ಇಂಥವರ ತೀರ್ಪುಗಳು ಹಳೇ ಲಾ ರಿಪೋರ್ಟುಗಳಲ್ಲಿ, ಅಂದ್ರೆ ಕೋರ್ಟ್ ತೀರ್ಪುಗಳನ್ನು ಅಚ್ಚು ಹಾಕಿದ ಸಂಪುಟಗಳಲ್ಲಿ, ಇವೆ. ಹೆಸರನ್ನು ನಾಲ್ಕೈದು ಸ್ಪೆಲಿಂಗ್‌ನಲ್ಲಿ ಹುಡುಕಿ. ನಾನು ಒಂದೇ ಸ್ಪೆಲಿಂಗ್ ಹಿಡಿದು ಸುಮ್ನೆ ಎರಡು ದಿನ ಹಾಳು ಮಾಡಿಕೊಂಡೆ.