ಹಳೇ ಕಿಟ್ ಲೆನ್ಸ್‌ನಲ್ಲೇ ಸ್ಟಾಕ್ ಫೋಟೋ ಪಾಸಾದ ಕಥೆ

ಫೋಟೋ ಪರೀಕ್ಷಿಸಿ ಆನ್‌ಲೈನ್‌ನಲ್ಲಿ ಮಾರುವ ಸ್ಟಾಕ್ ಫೋಟೋ ಸೈಟಿಗೆ ಮೊದಲ ವರ್ಷ ಸುಮಾರು 300 ಲ್ಯಾಂಡ್‌ಸ್ಕೇಪ್ ಕಳಿಸಿದ್ದೆ. ಪಾಸಾಗಿದ್ದು ಐವತ್ತೋ ಅರವತ್ತೋ. ಉಳಿದದ್ದಕ್ಕೆಲ್ಲ ಅದೇ ರಾಗ: ನಾಯ್ಸ್ (ಮರಳು ಚೆಲ್ಲಿದಂಥ ಚುಕ್ಕೆ) ಇದೆ, ಫೋಕಸ್ ಇಲ್ಲ, ಎಡಿಟಿಂಗ್ ಜಾಸ್ತಿಯಾಗಿದೆ. ಗೆಳೆಯರದು ಇನ್ನೊಂದು ರಾಗ. "ಫುಲ್ ಫ್ರೇಮ್ ತಗೋ ಮಾರಾಯ, ಆ 18-55 ಇಟ್ಕೊಂಡು ಏನು ಮಾಡ್ತೀಯ?" 18-55 ಅಂದರೆ ಕ್ಯಾಮೆರಾ ಜೊತೆಗೇ ಬಂದ ನನ್ನ ಕಿಟ್ ಲೆನ್ಸ್. ಫುಲ್ ಫ್ರೇಮ್ ಅಂದರೆ ದೊಡ್ಡ ಸೆನ್ಸರ್‌ನ ಕ್ಯಾಮೆರಾ, ಲೆನ್ಸ್ ಸೇರಿದರೆ ಲಕ್ಷ ದಾಟುತ್ತದೆ. ಒಂದು ಡೌನ್‌ಲೋಡ್‌ಗೆ ಸೆಂಟ್‌ಗಳ ಲೆಕ್ಕದಲ್ಲಿ ದುಡ್ಡು ಬರುವ ಕಸುಬಿಗೆ ಲಕ್ಷ ಸುರಿದರೆ ಅಸಲು ಮೊಮ್ಮಕ್ಕಳ ಕೈಗೆ ಸಿಗಬೇಕು, ಅಷ್ಟೇ.

ನನ್ನ ಬೆಪ್ಪುತನವನ್ನೂ ಹೇಳಿಬಿಡುತ್ತೇನೆ. ಬೆಟ್ಟ ಅಂದರೆ ಎಫ್/16 (ಲೆನ್ಸ್‌ನ ಕಿಂಡಿ ತೀರಾ ಕಿರಿದು) ಅಂತ ನಂಬಿ ಎರಡು ವರ್ಷ ಹಾಗೇ ತೆಗೆದೆ. ನನ್ನ ಕ್ಯಾಮೆರಾದಂಥ ಚಿಕ್ಕ (ಕ್ರಾಪ್) ಸೆನ್ಸರ್‌ನಲ್ಲಿ ಅಷ್ಟು ಮುಚ್ಚಿದರೆ ಡಿಫ್ರಾಕ್ಷನ್‌ನಿಂದ, ಅಂದರೆ ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿ, ಎಲ್ಲ ಮೆತ್ತಗಾಗುತ್ತದೆ, ಮೇಲಿಂದ ಸೆನ್ಸರ್ ಧೂಳು ಆಕಾಶದ ತುಂಬ ರಾಗಿ ಚೆಲ್ಲಿದ ಹಾಗೆ ಕಾಣುತ್ತದೆ. ಮೆತ್ತಗಾಯಿತು ಅಂತ ಎಡಿಟಿಂಗ್‌ನಲ್ಲಿ ಚೂಪು ಮಾಡುವ ಶಾರ್ಪನ್ ಎಳೆದೆ, ಬೆಟ್ಟದ ಅಂಚಿಗೆ ಸುಣ್ಣದ ಗೆರೆ ಬಂತು. ಈಗ ಎಫ್/8, ನಾಯ್ಸ್ ಕಡಿಮೆ ಬರುವ ಐಎಸ್‌ಒ 100, ಟ್ರೈಪಾಡ್, ಕೈನಡುಕ ತಡೆಯುವ ಸ್ಟೆಬಿಲೈಸರ್ ಆಫ್, ಎರಡು ಸೆಕೆಂಡ್ ಟೈಮರ್.

ನಿಜವಾಗಿ ಕೈ ಹಿಡಿದದ್ದು ಬೇರೆ. ಮೂಡಿಗೆರೆ ಹತ್ತಿರದ ದೇವರಮನೆಯಲ್ಲಿ ಸೂರ್ಯ ಏಳುವ ಮುಂಚೆ ಒಂದೇ ಫ್ರೇಮನ್ನು ಎಂಟು ಸಲ ತೆಗೆದೆ. ಎಂಟೂ ರಾ (ಕ್ಯಾಮೆರಾದ ಕಚ್ಚಾ) ಫೈಲ್‌ಗಳನ್ನು ಒಂದೇ ಸೆಟ್ಟಿಂಗ್‌ನಲ್ಲಿ 16 ಬಿಟ್ ಟಿಫ್ ಚಿತ್ರ ಮಾಡಿ ಗಿಂಪ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದರ ಮೇಲೊಂದು ಪೇರಿಸಿದೆ. ಒಪಾಸಿಟಿ (ಪದರದ ದಟ್ಟತನ, ಪರ್ಸೆಂಟ್‌ನಲ್ಲಿ) ಕೆಳಗಿನಿಂದ 100, 50, 33, 25, 20, 17, 14, 12; ಹೀಗಿಟ್ಟರೆ ಎಂಟರ ಸರಾಸರಿ ಸಿಗುತ್ತದೆ. ನಾಯ್ಸ್ ಹೆಚ್ಚುಕಮ್ಮಿ ಮೂರನೇ ಒಂದು ಭಾಗಕ್ಕೆ ಇಳಿಯಿತು. ಶೋಲಾ ಕಾಡಿನ ನೆರಳನ್ನು ಎರಡು ಸ್ಟಾಪ್ (ನಾಲ್ಕು ಪಟ್ಟು ಬೆಳಕು) ಎತ್ತಿದರೂ ಕೆಂಪು, ನೀಲಿ ಚುಕ್ಕೆ ಇಲ್ಲ!

ಖುಷಿಯಲ್ಲಿ ಹತ್ತು ಕಳಿಸಿದೆ, ಎಂಟು ವಾಪಸ್. ಫೋಕಸ್ ಇಲ್ಲವಂತೆ. 100 ಪರ್ಸೆಂಟ್ ಝೂಮ್ ಮಾಡಿ ನೋಡಿದರೆ ಮುಂದಿನ ಹುಲ್ಲೆಲ್ಲ ಹತ್ತಿ! ಆ ಬೆಟ್ಟದ ಗಾಳಿಗೆ ಎಂಟು ಫ್ರೇಮ್‌ನಲ್ಲಿ ಹುಲ್ಲು ಎಂಟು ಕಡೆ ಬಾಗಿತ್ತು, ಮಂಜೂ ಕಲಸಿಹೋಗಿತ್ತು. ಈಗ ಹುಲ್ಲು ಮತ್ತು ಓಡುವ ಮಂಜನ್ನು ಒಂದೇ ಫ್ರೇಮ್‌ನಿಂದ ಮಾಸ್ಕ್ ಹಾಕಿ (ಬೇಕಾದ ಭಾಗ ಮಾತ್ರ ಕಾಣುವ ಹಾಗೆ ಉಳಿದದ್ದನ್ನು ಮರೆಮಾಡಿ) ತರುತ್ತೇನೆ, ನೆರಳಿಗೆ ಮಾತ್ರ ಎಂಟರ ಸರಾಸರಿ. ಮಾಸ್ಕ್‌ನ ಅಂಚು ಗೊತ್ತಾಗದ ಹಾಗೆ ಕೂರಿಸುವುದಕ್ಕೆ ಒಂದು ಕೈಚಳಕ ಇದೆ, ಅದು ನನ್ನ ಹೊಟ್ಟೆಪಾಡು, ಕೇಳಬೇಡಿ.

ಕೊನೆಗೆ 24 ಮೆಗಾಪಿಕ್ಸೆಲನ್ನು 12ಕ್ಕೆ ಇಳಿಸುತ್ತೇನೆ. ಇದಕ್ಕೇ ಎಲ್ಲರೂ ನಕ್ಕಿದ್ದು. ಆದರೆ ನಾನು ಕಳಿಸುವ ಕಡೆ ಕೇಳುವುದೇ ಕನಿಷ್ಠ ನಾಲ್ಕು ಮೆಗಾಪಿಕ್ಸೆಲ್, ಮೂಲೆಯಲ್ಲಿ ಮೆತ್ತಗಾದ ಎಲೆಗಳು ಇಳಿಸಿದ ಮೇಲೆ ಚೂಪಾಗಿ ಕಾಣುತ್ತವೆ. ಶಾರ್ಪನ್ ಸೊನ್ನೆ.

ನಡುವೆ ಪನೋರಮಾ ಹುಚ್ಚೂ ಹಿಡಿದಿತ್ತು. ಹಂಪಿಯ ಮಾತಂಗ ಬೆಟ್ಟ ಹತ್ತಿ 50 ಎಂಎಂ ಝೂಮ್‌ನಲ್ಲಿ ಕ್ಯಾಮೆರಾ ಉದ್ದಕ್ಕೆ ಹಿಡಿದು ಏಳು ಫ್ರೇಮ್ ತೆಗೆದು ಒಂದೇ ಅಗಲ ಚಿತ್ರವಾಗಿ ಹೊಲಿದೆ. ಬಂಡೆ ಬಂಡೆಯೂ ಎಣಿಸುವಷ್ಟು ಚೂಪು, ಆದರೆ ಆಕಾಶವನ್ನು ಕಡುನೀಲಿ ಮಾಡುವ ಪೋಲರೈಸರ್ ಫಿಲ್ಟರ್ ತೆಗೆಯಲು ಮರೆತಿದ್ದೆ. ಆಕಾಶ ಒಂದು ಕಡೆ ಕಡುನೀಲಿ, ಒಂದು ಕಡೆ ಬಿಳಿ, ಸೇರಿದ ಕಡೆ ಪಟ್ಟೆಪಟ್ಟೆ. ಬಸ್ ಚಾರ್ಜು ದಂಡ.

ಈ ಸಲದ 40ರಲ್ಲಿ 33 ಪಾಸ್, ಅದೇ ಕಿಟ್ ಲೆನ್ಸ್. ಸೆಕೆಂಡ್ ಹ್ಯಾಂಡ್ ಟ್ರೈಪಾಡ್‌ಗೆ ನಾಲ್ಕು ಸಾವಿರ, ಸೆನ್ಸರ್ ಧೂಳು ಊದುವ ಬ್ಲೋವರ್‌ಗೆ ಮುನ್ನೂರು ಚಿಲ್ಲರೆ, ಎರಡೂ ವಸೂಲಾಗಿವೆ. ಪೆಟ್ರೋಲ್ ಲೆಕ್ಕ ಹಾಕಿಲ್ಲ, ಹಾಕುವುದೂ ಇಲ್ಲ. ತಮಾಷೆ ಅಂದರೆ ಜಾಸ್ತಿ ಮಾರಾಟವಾಗಿದ್ದು ಎಂಟು ಫ್ರೇಮ್‌ನ ಬೆಟ್ಟ ಅಲ್ಲ, ಮನೆ ಹಿಂದಿನ ಗದ್ದೆ ಬದು. ಮೇಲಿನ ಅರ್ಧ ಖಾಲಿ ಆಕಾಶ, ಜಾಹೀರಾತಿನವರಿಗೆ ಅಕ್ಷರ ಕೂರಿಸಲು ಜಾಗ. ಅದನ್ನು ಸುಮ್ನೆ ಕೈಯಲ್ಲೇ ಹಿಡಿದು, ಒಂದೇ ಸಲ ಕ್ಲಿಕ್ ಮಾಡಿದ್ದೆ.