ಲಂಡನ್ನಿನಲ್ಲಿ ವರಮಹಾಲಕ್ಷ್ಮಿ: ಹೊಸದಾಗಿ ಬಂದ ಹೆಣ್ಣುಮಕ್ಕಳಿಗೆ

ಶ್ರಾವಣ ಹತ್ತಿರವಾದಂತೆ ಲಂಡನ್ನಿಗೆ ಹೊಸದಾಗಿ ಬಂದವರು ನನ್ನನ್ನು ಮೊದಲು ಕೇಳುವುದು, ಪೂಜೆ ಮಾಡಿಸಲು ಪುರೋಹಿತರು ಎಲ್ಲಿ ಸಿಗುತ್ತಾರೆ ಎಂದು. ಪುರೋಹಿತರಿಲ್ಲದೆಯೂ ವರಮಹಾಲಕ್ಷ್ಮಿ ವ್ರತವನ್ನು ನೀವೇ ಮಾಡಬಹುದು ಎಂದು ನಾನು ಹೇಳುವುದು ಬರಿಯ ಅನುಕೂಲಕ್ಕಲ್ಲ. ವ್ರತದ ಕಥೆಯನ್ನೇ ನೆನಪಿಸಿಕೊಳ್ಳಿ: ಲಕ್ಷ್ಮಿ ಕುಂಡಿನ ನಗರದ ಚಾರುಮತಿಯ ಕನಸಿಗೆ ತಾನಾಗಿ ಬಂದು ವ್ರತ ಮಾಡೆಂದು ಹೇಳುತ್ತಾಳೆ, ಚಾರುಮತಿ ಅದನ್ನು ಮನೆಯವರಿಗೆ ತಿಳಿಸಿ, ಊರಿನ ಹೆಂಗಸರನ್ನೆಲ್ಲ ಕೂಡಿಸಿಕೊಂಡು ಪೂಜಿಸುತ್ತಾಳೆ, ಫಲವೂ ಅವಳೊಬ್ಬಳಿಗಲ್ಲದೆ ಜೊತೆಗೆ ಪ್ರದಕ್ಷಿಣೆ ಬಂದ ಎಲ್ಲರಿಗೂ ದೊರೆಯುತ್ತದೆ. ಆದ್ದರಿಂದ ಸಂಕಲ್ಪವನ್ನು ನಿಮ್ಮ ಬಾಯಿಂದಲೇ ಹೇಳಿ. ಸಂಸ್ಕೃತ ಬಾರದಿದ್ದರೆ ಊರು, ಹೆಸರು, ಕೋರಿಕೆಗಳನ್ನು ಕನ್ನಡದಲ್ಲೇ ಹೇಳಿಕೊಂಡರೆ ಸಾಕು.

ವ್ರತ ಬರುವುದು ಶ್ರಾವಣ ಹುಣ್ಣಿಮೆಗೆ ಮುಂಚಿನ ಶುಕ್ರವಾರ. ಬೆಂಗಳೂರಿನ ಕ್ಯಾಲೆಂಡರು ಶುಕ್ರವಾರದ ರಾಹುಕಾಲವನ್ನು 10.30ರಿಂದ 12 ಎಂದು ಕೊಟ್ಟಿರುತ್ತದೆ. ಆದರೆ ಅದು ಹಗಲನ್ನು ಎಂಟು ಪಾಲು ಮಾಡಿ ಎಣಿಸುವ ಲೆಕ್ಕವಾದ್ದರಿಂದ, ಹದಿನಾಲ್ಕು ಗಂಟೆಗೂ ಮೀರಿದ ಇಲ್ಲಿನ ಆಗಸ್ಟ್ ಹಗಲಿನಲ್ಲಿ ಅದು ಸುಮಾರು 11ರಿಂದ 1ರವರೆಗೆ ಬೀಳುತ್ತದೆ. ರಜೆ ಸಿಗದಿದ್ದರೆ ಚಿಂತೆ ಬೇಡ. ಸೂರ್ಯ ಮುಳುಗುವುದೇ ಎಂಟರ ಮೇಲಾದ್ದರಿಂದ, ಕಚೇರಿಯಿಂದ ಬಂದು ಸ್ನಾನ ಮಾಡಿ ಕಲಶ ಕೂರಿಸಿದರೂ ಗೋಧೂಳಿಯ ಹೊತ್ತಿಗೆ ಆರತಿ ಎತ್ತಬಹುದು.

ವೀಳ್ಯದೆಲೆ, ತೆಂಗಿನಕಾಯಿ, ಅರಿಶಿನದ ದಾರಗಳನ್ನು ಈಸ್ಟ್ ಹ್ಯಾಮ್, ಟೂಟಿಂಗ್ ಕಡೆಯ ಅಂಗಡಿಗಳಲ್ಲಿ ಹುಡುಕಿ. ಬಾಡಿಗೆ ಕರಾರಿನಲ್ಲಿ ದೀಪ ಹಚ್ಚುವುದಕ್ಕೆ ನಿಷೇಧವಿದೆಯೇ ಎಂದು ಮೊದಲೇ ಓದಿಕೊಳ್ಳಿ. ಧೂಪ ಹಾಕುವಾಗ ಕಿಟಕಿ ತೆರೆದಿಡಿ. ಮೊದಲ ವರ್ಷ ನಮ್ಮ ಮನೆಯ ಮಂಗಳಾರತಿಗೆ ಗಂಟೆ ಬಾರಿಸಿದ್ದು ಹೊಗೆ ಸೂಚಕ ಯಂತ್ರವೇ. ದೇವಸ್ಥಾನಕ್ಕೆ ಹೋಗಬೇಕೆನಿಸಿದರೆ ಈಸ್ಟ್ ಹ್ಯಾಮಿನ ಮಹಾಲಕ್ಷ್ಮಿ ಗುಡಿ ಇದೆ; ಈಲಿಂಗಿನಲ್ಲಿ ಶ್ರೀಲಂಕಾ ತಮಿಳರು ನಡೆಸುವ ಅಮ್ಮನವರ ಗುಡಿಯ ತೇರನ್ನೂ ಒಮ್ಮೆ ನೋಡಿ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಸಂಜೆಯ ಅರಿಶಿನ ಕುಂಕುಮ. ಗಂಡನ ವೀಸಾದ ಮೇಲೆ ಬಂದು ದಿನವಿಡೀ ಒಬ್ಬಳೇ ಇರುವ ಹುಡುಗಿ, ಬಾಣಂತನಕ್ಕೆ ಅಮ್ಮ ಬರಲಾಗದ ತಾಯಿ, ಕೆಲಸ ಕಳೆದುಕೊಂಡು ಯಾರಿಗೂ ಹೇಳದವಳು, ಇವರೆಲ್ಲ ಬಾಯಿ ಬಿಡುವುದು ತಾಂಬೂಲ ತೆಗೆದುಕೊಂಡು ಹೊಸ್ತಿಲ ಬಳಿ ನಿಂತ ಆ ಐದು ನಿಮಿಷಗಳಲ್ಲಿ. ದೇವಿಯ ಆರಾಧನೆಯಿಂದ ಹೆಣ್ಣಿಗೆ ಬಲ ಬರುತ್ತದೆ ಎಂಬ ಮಾತು ನನಗೆ ಅರ್ಥವಾದದ್ದು ಅಲ್ಲಿಯೇ. ಆದ್ದರಿಂದ ಕರೆಯುವಾಗ ಮುತ್ತೈದೆಯರನ್ನು ಮಾತ್ರ ಎಣಿಸಬೇಡಿ. ಗಂಡನನ್ನು ಕಳೆದುಕೊಂಡವರನ್ನು, ವಿಚ್ಛೇದಿತರನ್ನು ಹೊರಗಿಡುವ ಪದ್ಧತಿಯನ್ನು ಇಷ್ಟು ದೂರ ಹೊತ್ತು ತರಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇದನ್ನು ಒಪ್ಪದ ಹಿರಿಯರೂ ನಮ್ಮಲ್ಲಿದ್ದಾರೆ. ಅಡುಗೆಯನ್ನು ಆ ದಿನ ಗಂಡಸರಿಗೆ ಬಿಟ್ಟುಕೊಡಿ.

ಭಾದ್ರಪದದ ಗೌರಿ ಹಬ್ಬಕ್ಕೆ ತವರಿನ ಬಾಗಿನ ಇಲ್ಲಿಗೆ ಬರುವುದಿಲ್ಲ. ನಾನು ಬಂದ ವರ್ಷ ಪಕ್ಕದ ಬೀದಿಯ ಹಿರಿಯರೊಬ್ಬರು, ಮೊರ ಸಿಗದೆ ಎರಡು ಸ್ಟೀಲ್ ತಟ್ಟೆಗಳಲ್ಲಿ ಬೇಳೆ, ಬೆಲ್ಲ, ಬಳೆ, ರವಿಕೆ ಕಣ ಮುಚ್ಚಿ ತಂದು, ಸೆರಗಿನ ತುದಿ ಹಿಡಿದು ನನ್ನ ಕೈಗಿತ್ತರು. ಆ ತಟ್ಟೆಗಳಲ್ಲಿಯೇ ಈಗ ನಾನು ಹೊಸಬರಿಗೆ ಬಾಗಿನ ಕೊಡುತ್ತೇನೆ.