ಗುಳ್ಳೆ ಓಡಿಸಿ ದೂರ ಲೆಕ್ಕ ಹಾಕುವುದು

ಒಂಬತ್ತನೇ ತರಗತಿಯಲ್ಲಿ ಚಲನೆಯ ಪಾಠ ಶುರುವಾದಾಗ ನಾನು ‘ದೂರ = ವೇಗ × ಕಾಲ’ ಎಂದು ಹಲಗೆಯ ಮೇಲೆ ಬರೆಯುವುದಿಲ್ಲ. ಮೊದಲು ಮಕ್ಕಳ ಮುಂದೆ ಒಂದು ಗಾಳಿಗುಳ್ಳೆಯನ್ನು ಓಡಿಸುತ್ತೇನೆ.

ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು ಒಂದೂವರೆ ಮೀಟರ್ ಸಾಕು. ಅದನ್ನು ನೇರವಾದ ಮರದ ಪಟ್ಟಿಗೆ ಬಿಗಿದು, ನೀರು ತುಂಬಿಸಿ, ಸಣ್ಣದೊಂದು ಗುಳ್ಳೆ ಉಳಿಯುವಂತೆ ಎರಡೂ ಬಾಯಿಗೆ ಬಿರಡೆ ಹಾಕುತ್ತೇನೆ. ಪೈಪು ತೀರಾ ಸಪೂರವಾಗಿದ್ದರೆ ಗುಳ್ಳೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಪಟ್ಟಿಯ ಮೇಲೆ 10 ಸೆಂ.ಮೀ.ಗೊಂದು ಗೆರೆ. ಪಟ್ಟಿಯನ್ನು ತಿರುಗಿಸಿ ಗೋಡೆಗೆ ಓರೆಯಾಗಿ ಆನಿಸಿದರೆ ಗುಳ್ಳೆ ಕೆಳಗಿನಿಂದ ಹೊರಡುತ್ತದೆ. ಓರೆ ಬದಲಾದರೆ ವೇಗವೂ ಬದಲಾಗುವುದರಿಂದ ಪಟ್ಟಿಯ ಬುಡಕ್ಕೆ ಇಟ್ಟಿಗೆ ಕೊಟ್ಟಿರುತ್ತೇನೆ.

ಹೊರಟ ಕ್ಷಣದಿಂದ ಕಾಲ ಎಣಿಸಬಾರದು. ಆಗ ಗುಳ್ಳೆ ಇನ್ನೂ ವೇಗ ಹಿಡಿಯುತ್ತಿರುತ್ತದೆ. ಮೇಲಕ್ಕೆ ನೂಕುವ ನೀರಿನ ಬಲವೂ ಎದುರಾಗುವ ತಡೆಯೂ ಸಮವಾದ ಮೇಲಷ್ಟೇ ಅದರ ವೇಗ ಸ್ಥಿರ. ಅದಕ್ಕೇ ಎರಡನೇ ಗೆರೆಯನ್ನು ಸೊನ್ನೆ ಎಂದಿಟ್ಟುಕೊಂಡು, ಅಲ್ಲಿಂದ ಪ್ರತಿ ಗೆರೆ ದಾಟುವ ಹೊತ್ತನ್ನು ಮೊಬೈಲಿನ ಸ್ಟಾಪ್‌ವಾಚಿನಲ್ಲಿ ಗುರುತಿಸುತ್ತೇವೆ. 10 ಸೆಂ.ಮೀ.ಗೆ 2 ಸೆಕೆಂಡು, 20ಕ್ಕೆ 4, 30ಕ್ಕೆ 6 ಬಂದರೆ ವೇಗ ಸೆಕೆಂಡಿಗೆ 5 ಸೆಂ.ಮೀ. ಅಂತರಗಳು ಹೀಗೆ ಸಮವಾಗಿ ಬಂದಾಗ ಮಾತ್ರ ಗುಣಿಸುವ ಹಕ್ಕು ನಮಗಿದೆ. ಇದೊಂದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಇನ್ನು ಊಹೆಯ ಸರದಿ. 13ನೇ ಸೆಕೆಂಡಿಗೆ ಗುಳ್ಳೆ ಎಲ್ಲಿರುತ್ತದೆ? 5 × 13 = 65 ಸೆಂ.ಮೀ. ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ ಗುಳ್ಳೆಯನ್ನು ಮತ್ತೆ ಓಡಿಸುತ್ತೇವೆ. ‘ಹದಿಮೂರು’ ಎಂದು ಕೂಗುವಾಗ ಅದು ಗುರುತಿನ ಬಳಿ ಬಂದಿರುವುದನ್ನು ಕಂಡ ಮಕ್ಕಳಿಗೆ ಸೂತ್ರದ ಮೇಲೆ ನಂಬಿಕೆ ಹುಟ್ಟುತ್ತದೆ. ಸುಮಾರು ಒಂದು ಸೆಂ.ಮೀ. ಆಚೀಚೆಯಾದರೆ ಅದಕ್ಕೂ ಇದೇ ಲೆಕ್ಕ: ಕಣ್ಣು ಕಂಡದ್ದಕ್ಕೆ ಬೆರಳು ಒತ್ತಲು ಸುಮಾರು 0.2 ಸೆಕೆಂಡು ಬೇಕು, 5 × 0.2 = 1.

ವೇಗ–ಕಾಲದ ನಕ್ಷೆ ಬರೆಸಿದರೆ ಅಡ್ಡಗೆರೆ ಬರುತ್ತದೆ. 13ನೇ ಸೆಕೆಂಡಿನವರೆಗೆ ಅದರ ಕೆಳಗಿನ ಆಯತದ ವಿಸ್ತೀರ್ಣವೂ (ಎತ್ತರ 5, ಅಗಲ 13) 65, ಅಂದರೆ ಅದೇ ದೂರ.

ಕೊನೆಗೆ ಏಕಮಾನ. ಗಂಟೆಗೆ 54 ಕಿ.ಮೀ. ಸ್ಥಿರ ವೇಗದ ರೈಲು 20 ಸೆಕೆಂಡಿನಲ್ಲಿ ಎಷ್ಟು ದೂರ ಹೋಗುತ್ತದೆ ಎಂದು ಕೇಳಿದರೆ ಹಲವರು ನೇರವಾಗಿ 54ನ್ನು 20ರಿಂದ ಗುಣಿಸುತ್ತಾರೆ. ಮೊದಲು 5/18ರಿಂದ (1 ಕಿ.ಮೀ.ಗೆ 1000 ಮೀಟರ್, 1 ಗಂಟೆಗೆ 3600 ಸೆಕೆಂಡು; 1000/3600 = 5/18) ಗುಣಿಸಿ ಸೆಕೆಂಡಿಗೆ 15 ಮೀಟರ್ ಎಂದು ಮಾಡಿಕೊಳ್ಳಬೇಕು. ಉತ್ತರ 300 ಮೀಟರ್.